ಡಿಂಪ್ನಾಳ ಕೈಯ ಉಪ್ಪು

ಚಳಿಗಾಲದ ಜ್ವರ ಬಿಟ್ಟುಹೋಗುವಾಗ ಡಿಂಪ್ನಾಳ ನಾಲಿಗೆಯ ರುಚಿಯನ್ನೂ ಹೊತ್ತುಕೊಂಡು ಹೋಯಿತು. ಐರ್ಲೆಂಡಿನ ಆ ಸಣ್ಣ ಊರಿನ ಟಿಯರ್ನಿ ಪಬ್ಬಿನಲ್ಲಿ ಅಡುಗೆ ಮಾಡುತ್ತಲೇ ಅರ್ಧ ಆಯುಷ್ಯ ಕಳೆದವಳು, ಇನ್ನು ಕೆಲಸ ಬಿಡುತ್ತೇನೆ ಎಂದಳು. ದಿನಾ ಮಧ್ಯಾಹ್ನ ಅಲ್ಲೇ ಊಟ ಮಾಡುವ ಮುದುಕ ಮಲಾಕಿ ಒಪ್ಪಲಿಲ್ಲ.

"ನೀನು ಬೇಯ್ಸು, ಉಪ್ಪು ನಾನು ನೋಡ್ತೀನಿ."

ಅಂದಿನಿಂದ ಅವಳು ಚಮಚ ಹಿಡಿದು ಬರುವಳು. ಅವನು ಚಪ್ಪರಿಸಿ, "ಸರಿಯಾಗಿದೆ ಕಣಮ್ಮ" ಎನ್ನುವನು.

ವಸಂತದ ಒಂದು ಮಧ್ಯಾಹ್ನ ಕುರಿಮಾಂಸದ ಸಾರು ಕುದಿಯುತ್ತಿದ್ದಾಗ ಈರುಳ್ಳಿಯ ಘಮ ಅವಳ ಮೂಗಿಗೆ ಬಡಿಯಿತು. ಒಂದು ಚಮಚ ಸಾರು ಬಾಯಿಗಿಟ್ಟವಳೇ ಅಡುಗೆಮನೆಯಿಂದ ಮಲಾಕಿಯ ಮೇಜಿನ ಬಳಿಗೆ ಓಡಿಬಂದಳು.

"ಸುಳ್ಳುಬುರುಕ ಮುದುಕಾ! ಬರೀ ಉಪ್ಪು! ಇಷ್ಟು ದಿನ ಎಲ್ಲರೂ ಇದನ್ನೇ ತಿಂದ್ರಾ?"

"ತಿಂದ್ವಿ. ಮೇಲೊಂದು ಬಿಯರ್ ಜಾಸ್ತಿ ಕುಡಿದ್ವಿ," ಎಂದ ಮಲಾಕಿ. "ನೀನು ಹೋಗ್ಬಿಟ್ರೆ ನಮಗ್ಯಾರು ಬೇಯ್ಸಿ ಹಾಕ್ತಾರೆ?"

ಪಬ್ಬಿಗೆ ಪಬ್ಬೇ ನಕ್ಕಿತು. ಡಿಂಪ್ನಾ ಕಣ್ಣೊರೆಸಿಕೊಂಡಳು.

"ಕೂತಿರಿ, ಇನ್ನೆರಡು ಆಲೂಗೆಡ್ಡೆ ಹಾಕಿ ಸರಿಮಾಡಿ ತರ್ತೀನಿ."