ಹಣ್ಣಾಗದ ಪೊರೆ

ಮೊನ್ನೆ ಮನೆಯಲ್ಲಿ ಯಾರಿಗೋ ತಲೆನೋವೆಂದು ಒಣಶುಂಠಿ ತೇಯುತ್ತಿದ್ದರು. ಆ ಖಾರದ ವಾಸನೆಗೆ ಸಿರುಗುಪ್ಪದ ಎದುರುಮನೆ ಅತ್ತೆ ನೆನಪಾದರು. ಸಂಬಂಧದಲ್ಲಿ ಅತ್ತೆಯಲ್ಲ, ಓಣಿಯವರೆಲ್ಲ ಹಾಗೇ ಕರೆಯುತ್ತಿದ್ದೆವು. ಹಣೆಯ ಪಕ್ಕಕ್ಕೆ ಶುಂಠಿಯ ಪಟ್ಟು ಹಾಕಿಕೊಂಡು, ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತ ಕೂತಿದ್ದರು... ಅಕ್ಕಿಯನ್ನು ನಾನೀಗ ಸೇರಿಸುತ್ತಿರಲೂಬಹುದು.

ಅವರ ಒಂದು ಕಣ್ಣು ಮಂಜಾಯಿತು. ನಮ್ಮಲ್ಲಿ ವಯಸ್ಸಾದವರ ಕಣ್ಣು ಮಂಜಾದರೆ ಅದು ಪೊರೆಯೇ. ಹಣ್ಣಾಗುವವರೆಗೆ ಕಾದು ತೆಗೆಸಬೇಕು ಎಂದು ಓಣಿಯೆಲ್ಲ ಹೇಳಿತು.

“ಹಣ್ಣಾಗ್ಲಿ ಬಿಡ್ಲೇ, ಎಲ್ಲಾರೂ ಹಂಚ್ಕೊಂಡು ತಿನ್ನೋಣಂತ,” ಎಂದು ಅತ್ತೆ ನಕ್ಕರು.

ಹಾಗೆ ಕಾಯುತ್ತಿರುವಾಗಲೇ ಒಂದು ಬೆಳಿಗ್ಗೆ ಇನ್ನೊಂದು ಕಣ್ಣಿಗೂ ತುಸು ಹೊತ್ತು ಕತ್ತಲೆ ಕವಿದು ಸರಿಯಿತು. ಆಗ ಹೆದರಿದರು. ಅವರ ಸೊಸೆ ಮತ್ತು ನಾನು ಬಸ್ಸು ಹತ್ತಿಸಿಕೊಂಡು ಬಳ್ಳಾರಿಯ ಕಂಟೋನ್ಮೆಂಟಿನಲ್ಲಿದ್ದ ಕಣ್ಣಿನ ಡಾಕ್ಟರಮ್ಮನ ಬಳಿ ಕರೆದೊಯ್ದೆವು.

ಅವರು ಕೋಣೆ ಕತ್ತಲು ಮಾಡಿ ಟಾರ್ಚ್ ಹಿಡಿದರು. ಒಳ್ಳೆಯ ಕಣ್ಣಿಗೆ ಬೆಳಕು ಬಿದ್ದಾಗ ಎರಡೂ ಕಣ್ಣಿನ ಪಾಪೆಗಳು ಕುಗ್ಗಿದವು. ಟಾರ್ಚನ್ನು ಮಂಜುಗಣ್ಣಿಗೆ ಸರಿಸಿದರೆ ಎರಡೂ ಹಿಗ್ಗಿದವು. ಬೆಳಕಿಗೆ ಹಿಗ್ಗುವ ಪಾಪೆಯನ್ನು ನಾನು ಕಂಡಿರಲಿಲ್ಲ. ಇನ್ನೊಮ್ಮೆ ತೋರಿಸಿ ಎಂದೆ, ತೋರಿಸಿದರು.

“ಬಾಚಿಕೊಳ್ಳುವಾಗ ತಲಿ ನೋಯ್ತದಾ? ಅಗಿಯುವಾಗ ದವಡಿ ಸೋಲ್ತದಾ?” ಎಂದು ಅತ್ತೆಯನ್ನು ಕೇಳಿದರು.

“ಹೌದವ್ವಾ. ರೊಟ್ಟಿ ಬಿಟ್ಟು ಅನ್ನಕ್ಕ ಬಂದೀನಿ. ನಿನಗ್ಯಾರು ಚಾಡಿ ಹೇಳಿದ್ರು, ನನ್ ಸೊಸೀನಾ?”

ಪೊರೆಯಲ್ಲ, ರಕ್ತನಾಳಗಳ ಉರಿಯೂತ ಎಂದರು ಡಾಕ್ಟರಮ್ಮ. ಹಣೆಯ ಪಕ್ಕದ ನಾಳದಂತೆ ಕಣ್ಣಿನ ನರಕ್ಕೆ ರಕ್ತ ಒಯ್ಯುವ ಸಣ್ಣ ನಾಳಗಳೂ ಬಾತು, ನರ ಸೊರಗಿತ್ತು. ಆ ಕಣ್ಣಿಗೆ ಬಿದ್ದ ಬೆಳಕು ಮಿದುಳಿಗೆ ತಲುಪುತ್ತಿರಲಿಲ್ಲ, ಕತ್ತಲಾಯಿತೆಂದೇ ಪಾಪೆಗಳು ಹಿಗ್ಗಿದ್ದವು. ಹೋದದ್ದು ಮರಳದು, ಇನ್ನೊಂದು ಉಳಿಯಬೇಕಾದರೆ ಈಗಿಂದೀಗಲೇ ಇಂಜೆಕ್ಷನ್ ಶುರುಮಾಡಬೇಕು. ಅತ್ತೆ ನಗಲಿಲ್ಲ. ಸೊಸೆಯ ಕೈ ಹಿಡಿದುಕೊಂಡರು.

ಇನ್ನೊಂದು ಕಣ್ಣು ಉಳಿಯಿತು. ಆಮೇಲೆ ಬೆಳಿಗ್ಗೆ ನಾನು ಹೊರಬಂದರೆ ಸಾಕು, ಕಟ್ಟೆಯಿಂದಲೇ ಅದನ್ನು ಪರೀಕ್ಷಿಸುತ್ತಿದ್ದರು: “ನೀಲಿ ಅಂಗಿ. ಮ್ಯಾಲಿನ ಗುಂಡಿ ಹಾಕ್ಕೋಲೇ.”

ಅತ್ತೆ ತೀರಿಕೊಂಡು ವರ್ಷಗಳಾದವು. ಹೋದದ್ದು ಎಡಗಣ್ಣೋ ಬಲಗಣ್ಣೋ? ನನ್ನ ನೆನಪಿನಲ್ಲಿ ಅದು ಒಂದೊಂದು ಸಲ ಒಂದೊಂದು ಕಡೆ ಇರುತ್ತದೆ. ಅವರ ಸೊಸೆಗೆ ಫೋನ್ ಮಾಡಿ ಕೇಳಿದೆ.

“ಎಡಗಣ್ಣು... ತಡೀರಿ, ಬಲಗಣ್ಣಿತ್ತೇನೋ,” ಎಂದಳು ಆಕೆ.

ಯಾವುದಾದರೇನು, ಓಣಿಯಾಚೆಯಿಂದ ನನ್ನ ಗುಂಡಿ ನೋಡುತ್ತಿದ್ದದ್ದು ಉಳಿದ ಕಣ್ಣು. ಈಗ ಅದೂ ಇಲ್ಲ.