ಕೂಡಿ ಆಡಿದ ತಪ್ಪು

ಆರು ವರ್ಷದವಳಿದ್ದಾಗ ಮೊಜೆಲ್ ಗೇನ್ಸ್‌ಳ ಬಾಯಿಗೆ ಬೀಗವೇ ಇರಲಿಲ್ಲ. ಹಿತ್ತಲಿನ ಕೋಳಿಗಳ ಜೊತೆ, ಅಮ್ಮ ಕಾಯಿಸುವ ಇಸ್ತ್ರಿಪೆಟ್ಟಿಗೆಯ ಜೊತೆ, ದಾರಿಯಲ್ಲಿ ಹೋಗುವ ಹೇಸರಗತ್ತೆಗಳ ಜೊತೆಯೂ ಅವಳಿಗೆ ಮಾತಿತ್ತು. ಅಲಬಾಮಾದ ವೆಲ್ಬಾರ್ನ್ ಊರಿನ ಕಲ್ಲಿದ್ದಲ ಗಣಿಯಲ್ಲಿ ಅವಳ ಅಪ್ಪ ಆಸ್ಬರಿ ವಾರಕ್ಕೆ ಆರು ದಿನ ನೆಲದಡಿಗೆ ಇಳಿಯುತ್ತಿದ್ದ. ಏಳನೆಯ ದಿನ ಚರ್ಚು ಮುಗಿದ ಮೇಲೆ ಬೇಸ್‌ಬಾಲ್ ಆಡುತ್ತಿದ್ದ. ಗಣಿಯ ಕಪ್ಪುಜನರ ತಂಡಕ್ಕೆ ಅವನೇ ನಾಯಕ, ಅವನೇ ಚೆಂಡೆಸೆಯುವವನು. ಎಡಗೈಯವನು. ಅವನ ಚೆಂಡು ನೇರ ಬಂದು, ಇನ್ನೇನು ಬ್ಯಾಟಿಗೆ ಸಿಕ್ಕಿತು ಅನ್ನುವಾಗ ಮೊಣಕಾಲಿನ ಹತ್ತಿರ ಜಾರಿಬಿಡುತ್ತಿತ್ತು. ಉತ್ತರದ ಒಂದು ದೊಡ್ಡ ಕ್ಲಬ್ಬಿನವರು ಚಳಿಗಾಲ ಕಳೆದ ಮೇಲೆ ಬಂದು ನೋಡುತ್ತೇವೆಂದು ಕಾಗದ ಬರೆದಿದ್ದರು.

ಬಿಳಿಯರಿಗೂ ಒಂದು ತಂಡವಿತ್ತು. ಗಣಿಯೊಳಗೆ ಎರಡೂ ತಂಡದವರು ಕುಡಿಯುತ್ತಿದ್ದದ್ದು ಒಂದೇ ಧೂಳು. ಮೇಲೆ ಬಂದ ಮೇಲೆ ಮಾತ್ರ ಕೂಡಿ ಆಡುವಂತಿರಲಿಲ್ಲ. ಚೆಂಡಾಗಲಿ ಇಸ್ಪೀಟಾಗಲಿ, ಜೊತೆಗೆ ಆಡಿದರೆ ಜೈಲು ಎಂದು ಕಾನೂನಿತ್ತು. ಆದರೂ ೧೯೫೧ರ ಬೇಸಿಗೆಯಲ್ಲಿ, ಯಾರು ಮೊದಲು ಯಾರನ್ನು ಕೆಣಕಿದರೋ, ಹೊಳೆಯಾಚೆಯ ಮರಳು ದಿಬ್ಬದ ಹಿಂದೆ ಎರಡು ತಂಡಗಳೂ ಮೂರು ಭಾನುವಾರ ಗುಟ್ಟಾಗಿ ಆಡಿದವು. ಮೂರನೆಯ ಭಾನುವಾರ ಆಸ್ಬರಿ ಮಗಳನ್ನೂ ಹೆಗಲ ಮೇಲೆ ಕೂರಿಸಿಕೊಂಡು ಹೋಗಿದ್ದ.

ಮಂಗಳವಾರ ಅವಳ ಅಮ್ಮ ಓಲಾ, ಗಣಿಯಂಗಡಿಯ ಮ್ಯಾನೇಜರ್ ಸ್ಟ್ರಿಕ್ಲೆಂಡ್ ಮನೆಗೆ ಇಸ್ತ್ರಿಗೆ ಹೋದಾಗ ಮೊಜೆಲ್ ಅಡುಗೆಮನೆಯ ಮೆಟ್ಟಿಲ ಮೇಲೆ ಕೂತಿದ್ದಳು. ಆ ಮನೆಯೊಡತಿಯ ತಮ್ಮ ಡೆಲ್ಬರ್ಟ್ ಬಿಳಿಯರ ತಂಡದ ದೊಡ್ಡ ಹೊಡೆತಗಾರ. ಒಡತಿ ನಿಂಬೆಹಣ್ಣಿನ ಶರಬತ್ತು ಹಿಡಿದು ಹೊರಗೆ ಬಂದವಳು, ಏನೇ ಪುಟ್ಟಿ ಸಮಾಚಾರ ಎಂದು ಕೇಳಿದಳು. ಮೊಜೆಲ್ ಹೇಳಿದಳು.

"ನಮ್ಮಪ್ಪ ಮಿಸ್ಟರ್ ಡೆಲ್ಬರ್ಟ್‌ನ ಮೂರು ಸಲ ಔಟ್ ಮಾಡಿದ್ರು. ಮೂರನೇ ಸಲ ಅವರು ಬ್ಯಾಟ್ ಬೀಸಿ ಬೀಸಿ ಕೂತೇ ಬಿಟ್ರು."

ಒಡತಿ ನಕ್ಕಳು. ಎಲ್ಲಿ ಆಡಿದ್ದು ಎಂದಳು, ಯಾವಾಗ ಎಂದಳು. ಮತ್ತೆ ಆಡುತ್ತಾರಾ ಎಂದೂ ಕೇಳಿದಳು. ಮೊಜೆಲ್ ಎಲ್ಲವನ್ನೂ ಹೇಳಿದಳು. ದಿಬ್ಬದ ಹಿಂದೆ ಹೋಗುವ ದಾರಿಯನ್ನು ಬೆರಳು ತೋರಿಸಿ ಹೇಳಿದಳು. ಒಡತಿ ಒಂದು ಬಿಸ್ಕತ್ತು ಕೊಟ್ಟು ಒಳಗೆ ಹೋದಳು.

ಮುಂದಿನ ಭಾನುವಾರ ಆಟದ ನಡುವೆ ಶೆರಿಫ್ ಎರಡು ಕಾರಿನಲ್ಲಿ ಜನ ಕರೆದುಕೊಂಡು ಬಂದ. ಬಿಳಿಯರ ತಂಡಕ್ಕೆ ಮನೆಗೆ ಹೋಗಿ ಎಂದರು. ಕಪ್ಪುಜನರಲ್ಲಿ ಆರು ಮಂದಿಯನ್ನು ಬೈದು ಬಿಟ್ಟರು, ಸೋಮವಾರದ ಪಾಳಿಗೆ ಗಣಿಗೆ ಜನ ಬೇಕಿತ್ತು. ಮೂವರನ್ನು ಕೋರ್ಟಿಗೆ ಕರೆದೊಯ್ದರು. ನಾಯಕನೆಂದು ಆಸ್ಬರಿಗೆ ಒಂದು ವರ್ಷ, ಇನ್ನಿಬ್ಬರಿಗೆ ಮೂರು ಮೂರು ತಿಂಗಳು. ಜಿಲ್ಲೆಯ ರಸ್ತೆಗಳಿಗೆ ಕಲ್ಲು ಒಡೆಯುವ ಕೆಲಸ. ಏಳನೆಯ ತಿಂಗಳಲ್ಲಿ ಲಾರಿಯಿಂದ ಇಳಿಸುತ್ತಿದ್ದ ಬಂಡೆಯೊಂದು ಜಾರಿ ಅವನ ಎಡಗೈಯ ಮೇಲೆ ಬಿತ್ತು. ಕೈ ಉಳಿಯಿತು. ಮೂರು ಬೆರಳು ಮಾತ್ರ ಮತ್ತೆ ಮಡಚಲಾಗಲಿಲ್ಲ. ವಸಂತದಲ್ಲಿ ಕ್ಲಬ್ಬಿನವರು ಬಂದರೋ ಇಲ್ಲವೋ ಯಾರಿಗೂ ತಿಳಿಯದು. ಬಂದಿದ್ದರೂ ನೋಡಲು ಅಲ್ಲಿ ಯಾರೂ ಇರಲಿಲ್ಲ.

ಅವನು ಮನೆಗೆ ಬರುವ ಹೊತ್ತಿಗೆ ಮೊಜೆಲ್ ಮಾತು ನಿಲ್ಲಿಸಿದ್ದಳು. ಕೇಳಿದ್ದಕ್ಕೆ ಹೌದು, ಇಲ್ಲ, ಅಷ್ಟೇ. ಭಯಕ್ಕೆ ಹೀಗಾಗಿದೆ, ದೊಡ್ಡವಳಾದರೆ ಸರಿಹೋಗುತ್ತದೆ ಎಂದರು ಚರ್ಚಿನ ಹೆಂಗಸರು. ಗಣಿಯವರು ಆಸ್ಬರಿಯನ್ನು ವಾಪಸು ತೆಗೆದುಕೊಳ್ಳಲಿಲ್ಲ. ಕಪ್ಪುಮಕ್ಕಳ ಶಾಲೆಯಲ್ಲಿ ಕಸ ಗುಡಿಸುವ, ಒಲೆಗೆ ಕಲ್ಲಿದ್ದಲು ಹಾಕುವ ಕೆಲಸ ಸಿಕ್ಕಿತು. ಮೊಜೆಲ್ ಓದುತ್ತಿದ್ದದ್ದು ಅಲ್ಲೇ. ದಿನಾ ಮಧ್ಯಾಹ್ನ ಅಪ್ಪನೂ ಮಗಳೂ ಶಾಲೆಯ ಹಿಂದಿನ ಜಗಲಿಯಲ್ಲಿ ಅಕ್ಕಪಕ್ಕ ಕೂತು ಜೋಳದ ರೊಟ್ಟಿ ತಿನ್ನುತ್ತಿದ್ದರು. ಅವನು ಒಳ್ಳೆಯ ತುಂಡನ್ನು ಬಲಗೈಯಿಂದ ಅವಳ ಕಡೆಗೆ ತಳ್ಳುತ್ತಿದ್ದ. ಅವಳು ಅವನ ಎಡಗೈಯನ್ನು ನೋಡುತ್ತಿರಲಿಲ್ಲ. ಬೇಸ್‌ಬಾಲ್ ಎಂಬ ಪದ ಆ ಮನೆಯಲ್ಲಿ ಯಾರ ಬಾಯಲ್ಲೂ ಬರುತ್ತಿರಲಿಲ್ಲ.

ಮುಂದೆ ಅವಳು ಅದೇ ಊರಿನಲ್ಲಿ ಬೆಳೆದಳು, ಮರದ ಲಾರಿ ಓಡಿಸುವ ಓರೆಲ್ ಎಂಬವನನ್ನು ಮದುವೆಯಾದಳು, ಇಪ್ಪತ್ತು ವರ್ಷ ಅವನೊಂದಿಗೆ ಬಾಳಿ ಅವನನ್ನು ಮಣ್ಣು ಮಾಡಿದಳು. ಮಕ್ಕಳಾಗಲಿಲ್ಲ. ಮೂವತ್ತೊಂದು ವರ್ಷ ಶಾಲೆಯ ಅಡುಗೆಮನೆಯಲ್ಲಿ ಬೇಯಿಸಿದಳು. ಅವಳ ಹತ್ತಿರ ಹೇಳಿದ ಮಾತು ಎಲ್ಲಿಗೂ ಹೋಗುವುದಿಲ್ಲವೆಂದು ಊರಿಗೆಲ್ಲ ಗೊತ್ತಾಗಿ, ಜನ ತಮ್ಮ ಗುಟ್ಟುಗಳನ್ನು ಅವಳ ಹತ್ತಿರ ತಂದು ಸುರಿಯುತ್ತಿದ್ದರು. ಯಾರ ಗಂಡ ಯಾರ ಮನೆಗೆ ಹೋಗುತ್ತಾನೆ, ಯಾರ ಮಗು ಯಾರದು, ಪಾದ್ರಿಗೆ ಯಾವ ಕಾಯಿಲೆ, ಎಲ್ಲವೂ ಅವಳಿಗೆ ತಿಳಿದಿತ್ತು. ಅವಳು ತರಕಾರಿ ಹೆಚ್ಚುತ್ತ ಕೇಳುತ್ತಿದ್ದಳು. ಅವಳದನ್ನು ಮಾತ್ರ ಯಾರೂ ಕೇಳಲಿಲ್ಲ.

ಆಸ್ಬರಿ ೧೯೮೩ರಲ್ಲಿ ಎದೆರೋಗದಿಂದ ಸತ್ತ. ಕೊನೆಯ ಹದಿನೈದು ದಿನ ಮೊಜೆಲ್ ಅವನ ಪಕ್ಕದಲ್ಲೇ ಇದ್ದಳು. ದಿನಾ ಬೆಳಿಗ್ಗೆ ಇವತ್ತು ಹೇಳಬೇಕು ಅಂದುಕೊಳ್ಳುತ್ತಿದ್ದಳು. ಸಾಯಂಕಾಲಕ್ಕೆ ನಾಳೆ ಅಂದುಕೊಳ್ಳುತ್ತಿದ್ದಳು. ಹೇಳಲಿಲ್ಲ.

ಅವಳ ಎಪ್ಪತ್ತೇಳನೆಯ ವಯಸ್ಸಿನಲ್ಲಿ ಕೆಂಡ್ರಾ ವಿಟ್ಲೋ ಎಂಬ ವಕೀಲೆ ಫೋನ್ ಮಾಡಿದಳು. ಹಳೆಯ ಕಾನೂನುಗಳಡಿ ಶಿಕ್ಷೆಯಾದ ಕಪ್ಪು ಆಟಗಾರರ ಹೆಸರುಗಳನ್ನು ಅವಳೂ ಅವಳ ವಿದ್ಯಾರ್ಥಿಗಳೂ ಕೋರ್ಟಿನ ಹಳೆಯ ಪುಸ್ತಕಗಳಲ್ಲಿ ಹುಡುಕುತ್ತಿದ್ದರು. ಆಸ್ಬರಿ ಗೇನ್ಸ್ ಹೆಸರಿನ ಮುಂದೆ, ಬಿಳಿಯರೊಂದಿಗೆ ಚೆಂಡಾಡಿದ್ದು, ಒಂದು ವರ್ಷ ಎಂದು ಬರೆದಿತ್ತು. ಸತ್ತವನಿಗೂ ರಾಜ್ಯದಿಂದ ಕ್ಷಮಾದಾನ ಕೊಡಿಸಬಹುದು, ಮಕ್ಕಳು ಸಹಿ ಹಾಕಬೇಕು ಎಂದಳು.

ಮೊಜೆಲ್‌ಳ ಅಣ್ಣ ಥೀಯೋಗೆ ಎಂಬತ್ತೊಂದು ವರ್ಷ. ಕ್ಷೌರದ ಅಂಗಡಿಯನ್ನು ಇನ್ನೂ ತಾನೇ ನಡೆಸುತ್ತಿದ್ದ. ವಕೀಲೆ ಕಾಗದ ಹಿಡಿದು ಬಂದ ದಿನ ಅವನು ಕನ್ನಡಕ ಏರಿಸಿ ಎರಡು ಸಲ ಓದಿದ.

"ಕ್ಷಮಿಸೋದು ಅವರಂತೆ. ಅವರ ಪಾದಕ್ಕೆ ಬಿದ್ದು ಬೇಡ್ಕೊಬೇಕಾ ನಮ್ಮಪ್ಪ, ಸಮಾಧಿಯಿಂದ ಎದ್ದು ಬಂದು?" ಎಂದ.

"ಕಾನೂನಲ್ಲಿ ಬೇರೆ ಪದ ಇಲ್ಲ ಮಿಸ್ಟರ್ ಗೇನ್ಸ್. ನನಗೂ ಆ ಪದ ಇಷ್ಟ ಇಲ್ಲ," ಎಂದಳು ಕೆಂಡ್ರಾ.

ಥೀಯೋ ಗೊಣಗುತ್ತಲೇ ಸಹಿ ಹಾಕಿದ. ಮೊಜೆಲ್ ಏನೂ ಕೇಳದೆ ಹಾಕಿದಳು. ನಿಮಗೆ ಹೇಗನ್ನಿಸುತ್ತಿದೆ ಮಿಸ್ ಮೊಜೆಲ್ ಎಂದು ವಕೀಲೆ ಕೇಳಿದ್ದಕ್ಕೆ, ಕಾಫಿ ಇನ್ನಷ್ಟು ಹಾಕಲಾ ಎಂದಳು.

ಹದಿನಾಲ್ಕು ತಿಂಗಳ ಮೇಲೆ ಕರೆ ಬಂತು. ರಾಜಧಾನಿಯ ಆ ಕೋಣೆ ವಿಪರೀತ ತಣ್ಣಗಿತ್ತು. ಆ ದಿನ ನಾಲ್ಕು ಹೆಸರು ಓದಿದರು, ಆಸ್ಬರಿಯದು ಎರಡನೆಯದು. ಅದನ್ನೂ ತಪ್ಪಾಗಿ ಓದಿದರು. ಥೀಯೋ ಕೂತಲ್ಲಿಂದಲೇ ಗಟ್ಟಿಯಾಗಿ ತಿದ್ದಿದ, ಓದುವವರು ಮತ್ತೆ ಓದಿದರು. ನೀಲಿ ರಟ್ಟಿನೊಳಗಿಟ್ಟ ಕಾಗದವನ್ನು ಮೊಜೆಲ್ ಕೈಗೆ ಕೊಟ್ಟರು. ಚಪ್ಪಾಳೆ ಬಿತ್ತು. ಚರ್ಚಿನಿಂದ ಬಂದಿದ್ದ ಹೆಂಗಸರು ಕರವಸ್ತ್ರ ತೆಗೆದು ಕಾದರು, ಅವಳು ಅತ್ತರೆ ತಾವೂ ಅಳೋಣವೆಂದು. ಹಲ್ಲು ಕೀಳುವ ಮುನ್ನ ಸೂಜಿ ಚುಚ್ಚಿದ ದವಡೆಯ ಹಾಗೆ ಅವಳ ಒಳಗೆಲ್ಲ ಮರಗಟ್ಟಿತ್ತು. ಪತ್ರಿಕೆಯವನೊಬ್ಬ ಬಂದು, ಇವತ್ತು ನಿಮ್ಮ ತಂದೆ ಇದ್ದಿದ್ದರೆ ಏನನ್ನುತ್ತಿದ್ದರು ಎಂದು ಕೇಳಿದ. ಅವಳು ಗೊತ್ತಿಲ್ಲ ಎಂದಳು. ಅವನು ಅದನ್ನು ಬರೆದುಕೊಳ್ಳಲಿಲ್ಲ.

ವಾಪಸು ಬರುವಾಗ ಥೀಯೋ ಕಾರು ಓಡಿಸುತ್ತಿದ್ದ. ಪೈನ್ ಮರಗಳ ನಡುವಿನ ರಸ್ತೆ, ಮಧ್ಯಾಹ್ನದ ಬಿಸಿಲು. ಮುಕ್ಕಾಲು ಗಂಟೆಯ ದಾರಿ ಕಳೆಯಿತು. ಆಮೇಲೆ ಮೊಜೆಲ್, ಮುಂದಿನ ತಿರುವಿನಲ್ಲಿ ಎಡಕ್ಕೆ ಹೋಗು ಎನ್ನುವ ದನಿಯಲ್ಲಿ ಹೇಳಿದಳು.

"ಶೆರಿಫ್‌ಗೆ ಹೇಳಿದ್ದು ನಾನು."

ಥೀಯೋ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

"ಸ್ಟ್ರಿಕ್ಲೆಂಡ್ ಮನೆ ಮೆಟ್ಟಿಲ ಮೇಲೆ," ಎಂದಳು. "ಆ ಹೆಂಗಸಿಗೆ ಹೇಳ್ದೆ. ದಾರಿ ಸಮೇತ."

"ಗೊತ್ತು."

"ಏನು ಗೊತ್ತು?"

"ಅವರ ಮನೇಲಿ ಅಡುಗೆ ಮಾಡ್ತಿದ್ಲಲ್ಲ ಲಾಟಿ, ಅವಳು ಕಿಟಕೀಲಿ ಕೇಳಿಸ್ಕೊಂಡಿದ್ಲು. ಭಯಕ್ಕೆ ಬಾಯಿ ಬಿಡಲಿಲ್ಲ. ಹಿಡ್ಕೊಂಡು ಹೋದ ಮೇಲೆ ಬಂದು ಅಮ್ಮನ ಹತ್ರ ಅತ್ಲು. ಅಮ್ಮ ನಿನ್ನ ಹೊಡೀತಾಳೆ ಅಂದ್ಕೊಂಡಿದ್ದೆ ನಾನು. ಅಪ್ಪ ಜೈಲಿಂದ ಹೇಳಿ ಕಳಿಸಿದ, ಮಗೂಗೆ ಯಾರೂ ಒಂದ್ ಮಾತು ಅನ್ಬಾರ್ದು, ಅದು ಅಪ್ಪನ್ನ ಹೊಗಳ್ಕೊಂಡಿದೆ ಅಷ್ಟೇ, ಅಂತ. ನನಗೆ ಹತ್ತು ವರ್ಷ. ಬೈಬಲ್ ಮೇಲೆ ಕೈಯಿಡಿಸಿ ಆಣೆ ಮಾಡಿಸಿದ್ಲು ಅಮ್ಮ."

ಕಾರು ಒಂದು ಸೇತುವೆ ದಾಟಿತು.

"ಅಪ್ಪನಿಗೆ ಗೊತ್ತಿತ್ತು," ಎಂದಳು ಮೊಜೆಲ್. ಅದು ಪ್ರಶ್ನೆಯಾಗಿರಲಿಲ್ಲ.

"ಮೊದಲಿಂದ್ಲೂ."

"ದಿನಾ ಪಕ್ಕದಲ್ಲಿ ಕೂತು ರೊಟ್ಟಿ ತಿಂದ. ಒಂದಿನಾನೂ ಹೇಳ್ಲಿಲ್ಲ."

"ನಾನೂ ಕೇಳಿದ್ದೆ, ಅವಳಿಗೆ ಹೇಳ್ಬಿಡು ಅಪ್ಪ ಅಂತ. ಅವಳಿಗೆ ನೆನಪೇ ಇಲ್ಲ ಕಣೋ, ಯಾಕೆ ಕೆದಕ್ತೀಯ ಅಂದ."

ಮೊಜೆಲ್ ಮಡಿಲಲ್ಲಿದ್ದ ನೀಲಿ ರಟ್ಟನ್ನು ನೆಟ್ಟಗೆ ಇಟ್ಟಳು. "ನೀವು ಮೂರು ಜನ ನನ್ನ ಕಾಪಾಡೋಕೆ ಸುಮ್ಮನಿದ್ರಿ," ಎಂದಳು. "ನಿಮಗೆ ಗೊತ್ತಾಗಬಾರದು ಅಂತ ನಾನು ಸುಮ್ಮನಿದ್ದೆ. ಎಪ್ಪತ್ತೆರಡು ವರ್ಷ ಥೀಯೋ."

"ನೀನು ಒಂದ್ಸಲ ಬಾಯಿ ಬಿಟ್ಟಿದ್ರೆ ಹೇಳ್ತಿದ್ದೆ ಮೋ. ದೇವರಾಣೆ."

ಥೀಯೋ ಮುಂದೆ ಸಿಕ್ಕ ಪೆಟ್ರೋಲ್ ಬಂಕಿನಲ್ಲಿ ಕಾರು ನಿಲ್ಲಿಸಿ, ಸ್ಟೀರಿಂಗಿಗೆ ಹಣೆ ಇಟ್ಟು ಅತ್ತ. ಎಂಬತ್ತೆರಡರ ಮುದುಕ, ಇಸ್ತ್ರಿಯ ಕೋಟು, ಅಳು ನಿಲ್ಲಲಿಲ್ಲ. ಮೊಜೆಲ್ ಅವನ ಬೆನ್ನ ಮೇಲೆ ಕೈಯಿಟ್ಟುಕೊಂಡು ಕೂತಳು. ತನಗೂ ಅಳು ಬರುತ್ತದೇನೋ ಎಂದು ಕಾದಳು. ಬರಲಿಲ್ಲ. ಬಂಕಿನ ಮುಂದೆ ಒಬ್ಬಳು ಹೆಂಗಸು ಹಂಡೆಯಲ್ಲಿ ಕಡಲೆಕಾಯಿ ಬೇಯಿಸಿ ಮಾರುತ್ತಿದ್ದಳು. ಮೊಜೆಲ್ ಇಳಿದು ಹೋಗಿ ಎರಡು ಪೊಟ್ಟಣ ತಂದಳು. ಇಬ್ಬರೂ ಕಾರಿನಲ್ಲೇ ಕೂತು ತಿಂದರು. ಉಪ್ಪು ಜಾಸ್ತಿಯಾಗಿದೆ ಎಂದ ಥೀಯೋ. ಹೌದು ಎಂದಳು ಅವಳು.

ಆ ಭಾನುವಾರ ಚರ್ಚಿನಲ್ಲಿ ಊಟ ಇಟ್ಟುಕೊಂಡಿದ್ದರು. ಪಾದ್ರಿ ನೀಲಿ ರಟ್ಟನ್ನು ಎತ್ತಿ ಹಿಡಿದು ತೋರಿಸಿದರು. ಸಿಸ್ಟರ್ ಮೊಜೆಲ್ ಎರಡು ಮಾತು ಹೇಳಲಿ ಎಂದಾಗ ಅವಳು ಎದ್ದು, ಬಂದದ್ದಕ್ಕೆ ಎಲ್ಲರಿಗೂ ವಂದನೆ ಎಂದು ಕೂತಳು. ಕಾಗದದ ಒಂದು ಪ್ರತಿ ಥೀಯೋನ ಅಂಗಡಿಯ ಗೋಡೆ ಸೇರಿತು. ಗಿರಾಕಿಗಳು ಓದಿ, ನಿಮ್ಮಪ್ಪ ಆಡಿದ್ದನ್ನು ಹೇಳು ಎಂದರೆ ಅವನು ಕತ್ತರಿ ನಿಲ್ಲಿಸಿ ಹೇಳುತ್ತಿದ್ದ. ಮೂಲ ಕಾಗದ ಮೊಜೆಲ್ ಮನೆಯಲ್ಲಿ ಲೈಟ್ ಬಿಲ್ಲುಗಳ ಡ್ರಾಯರ್‌ನಲ್ಲಿ ಉಳಿಯಿತು. ಅವಳು ಮೊದಲಿನಂತೆಯೇ ಎದ್ದಳು, ಬೇಯಿಸಿದಳು, ಸಾವಾದ ಮನೆಗಳಿಗೆ ಊಟ ಒಯ್ದಳು. ಒಂದೆರಡು ಸಲ ಮಧ್ಯಾಹ್ನ ತಿನ್ನುವಾಗ ತಟ್ಟೆ ಮುಂದಿಟ್ಟುಕೊಂಡು ಬಹಳ ಹೊತ್ತು ಸುಮ್ಮನೆ ಕೂತಿದ್ದಳು. ಬೇರೆ ಏನೂ ಆಗಲಿಲ್ಲ.

ಮರುವರ್ಷ ಕ್ಲೀವ್‌ಲ್ಯಾಂಡಿನಿಂದ ರೊಬರ್ಟಾ ಬಿನಿಯನ್ ಎಂಬವಳ ಫೋನ್ ಬಂತು. ಆಸ್ಬರಿಯ ಜೊತೆ ಮೂರು ತಿಂಗಳು ಕಲ್ಲು ಒಡೆದ ಹೊಸೀಯಾ ಬಿನಿಯನ್‌ನ ಮಗಳು. ತಾವೂ ಅರ್ಜಿ ಹಾಕಬೇಕೆಂದಿದ್ದೇವೆ, ಏನೇನು ಮಾಡಬೇಕು ಎಂದು ಕೇಳಿದಳು. ಮೊಜೆಲ್ ಒಲೆಯ ಉರಿ ತಗ್ಗಿಸಿ ನಿಧಾನವಾಗಿ ಹೇಳಿದಳು. ಸಾವಿನ ಪ್ರಮಾಣಪತ್ರ ಬೇಕು. ತುಂಬ ದಿನ ಹಿಡಿಯುತ್ತದೆ. ಕೋಣೆ ತಣ್ಣಗಿರುತ್ತದೆ, ಸ್ವೆಟರ್ ತಗೊಂಡು ಹೋಗು. ಹೆಸರನ್ನು ದೊಡ್ಡಕ್ಷರದಲ್ಲಿ ಬರೆದು ಮೊದಲೇ ಕೊಡು, ಇಲ್ಲದಿದ್ದರೆ ತಪ್ಪು ಓದುತ್ತಾರೆ.

"ಕಾಗದ ಕೈಗೆ ಬಂದ ಮೇಲೆ ಹೇಗನ್ಸತ್ತೆ ಮಿಸ್ ಮೊಜೆಲ್?"

ಮೊಜೆಲ್ ಒಲೆ ಆರಿಸಿದಳು.

"ಏನೂ ಅನ್ಸಲ್ಲಮ್ಮ. ಮನೆಯವರಿಗೆ ಏನಾದ್ರೂ ಹೇಳೋದಿದ್ರೆ, ಅಲ್ಲಿಗೆ ಹೋಗೋಕ್ಕಿಂತ ಮುಂಚೆ ಹೇಳ್ಬಿಡು."

ಆ ಕಡೆ ರೊಬರ್ಟಾ ಏನನ್ನೋ ಬರೆದುಕೊಳ್ಳುತ್ತಿದ್ದ ಸದ್ದು ಕೇಳಿತು. ಸಾವಿನ ಪ್ರಮಾಣಪತ್ರ ಎಷ್ಟು ಪ್ರತಿ ಬೇಕು ಎಂದು ಕೇಳಿದಳು. ಎರಡು ಎಂದಳು ಮೊಜೆಲ್.