ಊರಲ್ಲ, ವಸ್ತಿ

ವಿಜಯಪುರ ತಾಲೂಕು ಒಡೆದು ತಿಕೋಟಾ, ಬಬಲೇಶ್ವರ ಅಂತ ಹೊಸ ತಾಲೂಕುಗಳಾದಾಗ ನನಗೆ ಕೈತುಂಬ ಕೆಲಸ ಬಂತು. ನಾನು ಬೋರ್ಡ್ ಬರೆಯುವವನು. ವಿಜಯಪುರ ಸಿಟಿಯ ಇಬ್ರಾಹಿಂಪುರದಲ್ಲಿ ರೈಲು ಹಳಿಯ ಹತ್ತಿರ ನನ್ನದೊಂದು ತಗಡಿನ ಅಂಗಡಿ. ಮೊದಲು ಸಾಲಿ, ಸೊಸೈಟಿ, ಹಾಲಿನ ಡೇರಿ, ಯಾವುದೇ ಬೋರ್ಡಿನ ಕೆಳಗೆ ‘ತಾ|| ಜಿ|| ವಿಜಯಪುರ’ ಎಂದು ಬರೆದರೆ ಮುಗಿಯುತ್ತಿತ್ತು. ಈಗ ‘ತಾ|| ಬಬಲೇಶ್ವರ, ಜಿ|| ವಿಜಯಪುರ’ ಎಂದಾಗಬೇಕು. ಹೆಸರು ಉದ್ದವಾಯಿತು, ತಗಡು ಮೊದಲಿನದೇ. ಬೇರೆಯವರು ಅಂಥ ಕಡೆ ಅಕ್ಷರಗಳನ್ನು ಹಿಂಡಿ ಕೂರಿಸುತ್ತಾರೆ. ನಾನು ಹಿಂಡುವುದಿಲ್ಲ. ಪೂರಾ ಬೋರ್ಡು ಕೆರೆದು ಮೊದಲಿನಿಂದ ಬರೆಯುತ್ತೇನೆ. ಸಾಲಿ ಬಿಟ್ಟಿದ್ದು ನಾಲ್ಕನೇ ಇಯತ್ತೆಗೆ. ಆದರೆ ನಿಡೋಣಿಯಿಂದ ತಿಕೋಟಾದ ತನಕ ನನ್ನ ಅಕ್ಷರ ನೋಡಿದ ಯಾರೂ ಹಾಗೆ ಹೇಳಲಾರರು.

ನನ್ನ ಅಕ್ಕನನ್ನು ಕೊಟ್ಟಿದ್ದು ತಿಕೋಟಾದ ಕಡೆ, ಹೊಲಗಳ ನಡುವಿನ ಕೆಲವೇ ಮನೆಗಳ ಒಂದು ಜಾಗಕ್ಕೆ. ಅಲ್ಲಿಯವರು ಮನೆಯೊಳಗೆ ಮರಾಠಿ ಮಾತಾಡುವವರು. ಅಜ್ಜಂದಿರ ಕಾಲಕ್ಕೆ ಗಡಿಯಾಚೆಯ ಜತ್ತದ ಕಡೆಯಿಂದ ಬಂದು ನೆಲೆನಿಂತ ಮಂದಿ. ಅಕ್ಕನ ಗಂಡನಿಗೆ ನಾನು ಅವರ ಮಾತಿನಲ್ಲೇ ದಾಜಿ ಅಂತೀನಿ.

ದಾಜಿಗೆ ಕನ್ನಡ ಎಲ್ಲ ತಿಳಿಯುತ್ತದೆ. ಆಡಲು ಹೋದರೆ ಮಾತ್ರ ಗಂಡು ಹೆಣ್ಣು ಕಲಸಿಹೋಗುತ್ತದೆ. ಒಮ್ಮೆ ವಿಜಯಪುರದ ದವಾಖಾನೆಯೊಂದರಲ್ಲಿ ಎಲ್ಲರೆದುರು ‘ನನ್ನ ಹೆಂಡತಿ ಬಂದಾನ್ರಿ’ ಅಂದುಬಿಟ್ಟರು. ಕೂತವರೆಲ್ಲ ನಕ್ಕರು. ಅವತ್ತಿನಿಂದ ಗುರುತಿಲ್ಲದವರ ಮುಂದೆ ಕನ್ನಡದಲ್ಲಿ ಒಂದೆರಡು ಮಾತಿಗಿಂತ ಹೆಚ್ಚು ಆಡುವುದಿಲ್ಲ. ತಿಕೋಟಾದಲ್ಲಿ ಅವರಿಗೆ ಆ ತ್ರಾಸಿಲ್ಲ. ಚಹಾದ ಅಂಗಡಿಯಿಂದ ಹಿಡಿದು ಬೀಜ-ಗೊಬ್ಬರದ ಅಂಗಡಿಯ ತನಕ ಮರಾಠಿ ಬಲ್ಲವರು ಸಿಗುತ್ತಾರೆ. ಹೊಲದ ಉತಾರ, ಅಂದರೆ ಪಹಣಿ, ಬೇಕಾದರೆ ಒಬ್ಬರೇ ಹೋಗಿ, ನಾಲ್ಕು ಜನರೊಂದಿಗೆ ನಗಾಡಿಕೊಂಡು, ತಗೊಂಡು ಬರುತ್ತಿದ್ದರು.

ತಾಲೂಕು ಒಡೆಯುವ ಕಾಲಕ್ಕೆ, ಯಾವ ಊರು ಯಾವ ತಾಲೂಕಿಗೆ ಎಂದು ವಿಚಾರಿಸಲು ಸಿಟಿಯ ಕಚೇರಿಯಿಂದ ಒಬ್ಬರು ಬಂದರಂತೆ. ಅಕ್ಕ ಹೊಲದಲ್ಲಿದ್ದಳು. ಕಟ್ಟೆಯ ಮೇಲೆ ದಾಜಿ ಒಬ್ಬರೇ. ಆಮೇಲೆ ಅವರು ಹೇಳಿದ ಪ್ರಕಾರ ಮಾತು ನಡೆದಿದ್ದು ಇಷ್ಟು:

‘ಇದು ನಿಮ್ಮ ಊರೇನ್ರಿ?’

‘ಊರಲ್ರಿ, ವಸ್ತಿ.’

‘ಹಂಗಾರ ನಿಮ್ಮ ಊರು ಯಾವುದು?’

ದಾಜಿ ಹಳ್ಳದ ಆಚೆಗೆ ಕೈ ಮಾಡಿ ಅಲ್ಲಿಯ ದೊಡ್ಡ ಊರಿನ ಹೆಸರು ಹೇಳಿದರು.

ಅವರ ಮಾತಿನಲ್ಲಿ ಹೊಲದ ನಡುವೆ ಮನೆ ಕಟ್ಟಿಕೊಂಡು ಕಾಯಂ ಇರುವ ಜಾಗಕ್ಕೆ ವಸ್ತಿ ಅನ್ನುತ್ತಾರೆ. ಸಿಟಿಯ ನಮಗೆ ವಸ್ತಿ ಎಂದರೆ ಒಂದು ರಾತ್ರಿ ಮಲಗಿ ಎದ್ದು ಹೋಗುವುದು. ರಾತ್ರಿ ಹಳ್ಳಿಯಲ್ಲಿ ನಿಂತು ಬೆಳಗ್ಗೆ ಹೊರಡುವ ಬಸ್ಸು ವಸ್ತಿ ಬಸ್ಸು. ಇವರು ಹೊಲ ಕಾಯಲು ಬಂದು ಮಲಗುವವರು, ಇವರ ಊರು ಹಳ್ಳದ ಆಚೆ ಇದೆ ಎಂದು ಆ ಮನುಷ್ಯ ತಿಳಿದಿರಬೇಕು. ಆಚೆಯ ಊರು ಬಬಲೇಶ್ವರ ತಾಲೂಕಿಗೆ ಹೋಯಿತು. ಅದರ ಹಿಂದೆ ವಸ್ತಿಯೂ ಹೋಯಿತು. ಇದೇ ಕಾರಣವೋ ಬೇರೆ ಇತ್ತೋ, ಬಲ್ಲವರು ಯಾರೂ ನನಗೆ ಸಿಕ್ಕಿಲ್ಲ. ಅಕ್ಕ ಮಾತ್ರ ಇದೇ ಅಂತಾಳೆ.

ವಸ್ತಿಯ ಬೋರ್ಡು ಬರೆಯಲು ನನ್ನನ್ನೇ ಕರೆದಿದ್ದರು. ಹೋದರೆ ಎಲ್ಲರೂ ಸುತ್ತ ನಿಂತಿದ್ದಾರೆ.

‘ಲೇ, ಸುಮ್ಮ ತಿಕೋಟಾ ಅಂತ ಬರಿ’ ಅಂದಳು ಅಕ್ಕ.

‘ನಾ ಬರದ್ರ ತಾಲೂಕ ಬದಲಿ ಆಗೂದಿದ್ರ, ಯಕ್ಕಾ, ನಮ್ಮ ಅಂಗಡಿ ಮ್ಯಾಲ ದಿಲ್ಲಿ ಅಂತ ಬರೀತಿದ್ದೆ.’

ಅಕ್ಕ ಗಂಡನ ಕಡೆ ತಿರುಗಿದಳು. ‘ಇವರಿಗೆ ಕೇಳಿದ್ದ ಎರಡ ಮಾತ. ಎರಡಕ್ಕೂ ಎಡವಟ್ಟ ಉತ್ತರ ಕೊಟ್ಟಾರ.’

‘ಖರಂಚ ಸಾಂಗಿತಲಂ’ ಅಂದರು ದಾಜಿ. ಖರೇನೇ ಹೇಳೀನಿ ಎಂದು. ಅದೂ ಸುಳ್ಳಲ್ಲ.

ನಾನು ಬಬಲೇಶ್ವರ ಎಂದೇ ಬರೆದೆ. ವಸ್ತಿಯವರು ತಿಕೋಟಾಕ್ಕೆ ಸೇರಿಸಿರೆಂದು ಅರ್ಜಿ ಕೊಟ್ಟರು. ಅದು ಮೇಲಕ್ಕೆ ಹೋಗಿದೆ ಎಂಬ ಉತ್ತರ ಬಂತು.

ಆ ನಡುವೆ ದಾಜಿಯ ಅಣ್ಣ ತೀರಿಕೊಂಡರು. ಹೆಂಡತಿ ಮಕ್ಕಳಿಲ್ಲದವರು. ಹೊಲ ದಾಜಿಯ ಹೆಸರಿಗೆ ಆಗಬೇಕು, ಅದಕ್ಕೆ ಖುದ್ದಾಗಿ ಬಬಲೇಶ್ವರದ ತಾಲೂಕು ಕಚೇರಿಗೆ ಹೋಗಬೇಕು. ದಾಜಿ ಇವತ್ತು ನಾಳೆ ಎಂದು ದಿನ ದೂಡಿದರು. ತಿಕೋಟಾ ಆಗಿದ್ದರೆ ಒಂದು ಬಸ್ಸು, ತನ್ನ ಮಾತು. ಈಗ ವಿಜಯಪುರಕ್ಕೆ ಬಂದು ಬಸ್ಸು ಬದಲಿಸಿ ಹೋಗಬೇಕು. ದೂರದ್ದು ನೆಪ ಅಂತ ನಮಗೆಲ್ಲ ಗೊತ್ತಿತ್ತು. ಅಲ್ಲಿ ಕನ್ನಡ ಆಡಲಾರದೆ ಹೆಂಡತಿಯ ಬಾಯಿಂದ ತನ್ನ ಹೊಲ ಕೇಳಿಸುವುದು ಅವರಿಗೆ ಆಗುತ್ತಿರಲಿಲ್ಲ. ನಾನಾಗಿದ್ದರೂ ಹಾಗೇ ಮಾಡುತ್ತಿದ್ದೆನೇನೋ.

ಕಡೆಗೆ ಅಕ್ಕನೇ ಹೊರಡಿಸಿಕೊಂಡು ಬಂದಳು. ಬಬಲೇಶ್ವರದಲ್ಲಿ ನನಗೂ ಒಂದು ಬೋರ್ಡಿನ ಅಳತೆ ನೋಡುವುದಿತ್ತು, ಜೊತೆಗೆ ಹೋದೆ. ಬಸ್ಸಿನಲ್ಲಿ ದಾಜಿ ನನ್ನ ಕಿವಿಯ ಹತ್ತಿರ ಬಾಗಿ, ‘ಜಮೀನು ನನಗ ಬಂದಾಳ ಅನ್ನೂದೋ, ಬಂದಾನ ಅನ್ನೂದೋ?’ ಎಂದು ಕೇಳಿದರು.

‘ಬಂದೈತಿ ಅನ್ರಿ, ದಾಜಿ.’

‘ನಮ್ಮ ಮಾತಿನ್ಯಾಗ ಜಮೀನು ಬಾಯಿಮಾಣಸ.’ ಹೆಂಗಸು ಎಂದರ್ಥ. ಆಮೇಲೆ ಕಿಟಕಿಯ ಕಡೆ ಮುಖ ಮಾಡಿ ತುಟಿಯಲ್ಲೇ ಬಂದೈತಿ, ಬಂದೈತಿ ಅಂದುಕೊಳ್ಳುತ್ತ ಕೂತರು.

ಕಚೇರಿಯ ಸಾಲಿನಲ್ಲಿ ನಮ್ಮ ಸರದಿ ಬಂತು. ಕಿಟಕಿಯ ಹಿಂದೆ ಒಬ್ಬ ಹೆಣ್ಣುಮಗಳು ಕೂತಿದ್ದಳು. ‘ಏನ ಕೆಲಸರಿ, ಯಜಮಾನ್ರ?’ ಅಂದಳು. ದಾಜಿ ‘ಅಣ್ಣಂದು ಜಮೀನು’ ಎಂದು ನಿಂತರು. ಹಿಂದಿನವರು ಒತ್ತುತ್ತಿದ್ದರು. ದಾಜಿ ಒಂದು ಹೆಜ್ಜೆ ಪಕ್ಕಕ್ಕೆ ಸರಿದರು. ಆ ಜಾಗಕ್ಕೆ ಅಕ್ಕ ಬಂದಳು, ಎಲ್ಲ ಬಿಡಿಸಿ ಹೇಳಿದಳು.

‘ಇವರ‍್ಯಾಕ ಮಾತಾಡವಲ್ರು?’ ಕೇಳಿದಳು ಆ ಹೆಣ್ಣುಮಗಳು.

‘ಮನ್ಯಾಗ ಆಡಿ ಆಡಿ ದಣದಾರ್ರಿ.’

ಸಾಲೆಲ್ಲ ನಕ್ಕಿತು. ದಾಜಿ ತೋರಿಸಿದ ಕಡೆ ಸಹಿ ಮಾಡಿದರು. ಹೊರಗೆ ಬಂದ ಮೇಲೆ, ಅಷ್ಟೆಲ್ಲ ಹೇಳೂದು ಏನಿತ್ತು ಎಂದು ಮರಾಠಿಯಲ್ಲಿ ಗದರಿದರು.

‘ನಗಿಸಿದ್ರ ಕೆಲಸ ಲಗೂನ ಆಕ್ಕೈತಿ’ ಅಂದಳು ಅಕ್ಕ. ‘ಬ್ಯಾಡಂದ್ರ ಮುಂದಿನ ಸಲ ನೀವ ಮಾತಾಡ್ರಿ.’

ಹೊಲ ದಾಜಿಯ ಹೆಸರಿಗಾಯಿತು. ಮುಂದಿನ ಸಲ ಅವರು ಹೋಗಲೇ ಇಲ್ಲ. ಈಗ ಬಬಲೇಶ್ವರಕ್ಕೆ ಅಕ್ಕ ಒಬ್ಬಳೇ ಹೋಗುತ್ತಾಳೆ. ವಸ್ತಿಯ ಉಳಿದ ಮನೆಯವರೂ ತಮ್ಮ ಕೆಲಸ ಆಕೆಗೇ ಹೇಳುತ್ತಾರೆ. ಅಂಥ ದಿನ ದಾಜಿ ಅನ್ನಕ್ಕಿಡುತ್ತಾರೆ. ರೊಟ್ಟಿ ಬಡಿಯಲು ಅವರಿಗೆ ಬರುವುದಿಲ್ಲ.

ಹೋದ ಸಲ ನಾನು ವಸ್ತಿಗೆ ಹೋದಾಗ ಅಕ್ಕ ಆಗಷ್ಟೇ ಬಬಲೇಶ್ವರದಿಂದ ಬಂದು ಕಾಲು ತೊಳೆಯುತ್ತಿದ್ದಳು. ‘ತಿಕೋಟಾದ ಅರ್ಜಿದು ಏನರ ತಿಳೀತೇನ, ಯಕ್ಕಾ?’ ಅಂದೆ.

‘ಆಗ್ತದ ಬಿಡು. ಗಡಿಬಿಡಿ ಏನೈತಿ?’

ಒಲೆಯ ಮುಂದಿನಿಂದ ದಾಜಿ, ‘ತಿಲಾ ನಾಹೀ, ಮಲಾ ಆಹೆ’ ಅಂದರು. ಆಕಿಗಿಲ್ಲ, ನನಗೈತಿ ಎಂದು.